ಹಳೇ ಫೋನೋಗ್ರಾಫ್, ಗ್ರಾಮಫೋನ್ ಸಂಗ್ರಾಹಕರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಹಳೇ ಗ್ರಾಮಫೋನ್ ಕೊಳ್ಳುವ ಆಸೆ ಇಂದು ಅನೇಕರಿಗಿದೆ. ಆ ಆಸೆಯನ್ನೇ ನಂಬಿಕೊಂಡ ವ್ಯಾಪಾರವೂ ಬೆಳೆದಿದೆ. ಕುಶಲವಸ್ತುಗಳ ಅಂಗಡಿಗಳಲ್ಲಿ, ಹೋಟೆಲುಗಳ ಹಜಾರಗಳಲ್ಲಿ ಕಾಣುವ, ಫಳಫಳ ಹೊಳೆಯುವ ಹಿತ್ತಾಳೆ ಹಾರ್ನಿನ, ಎಂಟು ಮೂಲೆ ಪೆಟ್ಟಿಗೆಯ ‘ಎಚ್‌ಎಂವಿ ಗ್ರಾಮಫೋನ್’ಗಳನ್ನು ಆ ಕಂಪನಿ ಎಂದೂ ತಯಾರಿಸಿಯೇ ಇರಲಿಲ್ಲ. ಹಳೇ ಪೋರ್ಟಬಲ್ ಒಂದರ ಮೋಟಾರು ಕಿತ್ತು, ಹೊಸ ಪೆಟ್ಟಿಗೆಯಲ್ಲಿ ಕೂರಿಸಿ, ಹೊಸ ಹಾರ್ನು ಸಿಕ್ಕಿಸಿ, ಮೇಲೆ ನಾಯಿಯ ಚಿತ್ರ ಅಂಟಿಸಿದ ಯಂತ್ರಗಳು ಇವು. ಇದರಿಂದ ಆಗುವ ನಷ್ಟ ಎರಡು. ಕೊಂಡವರ ದುಡ್ಡು ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಇಂಥ ಒಂದೊಂದು ಜೋಡಣೆಗೂ ಚೆನ್ನಾಗಿ ಹಾಡುತ್ತಿದ್ದ ಅಸಲಿ ಯಂತ್ರವೊಂದು ಬಲಿಯಾಗಿರುತ್ತದೆ.

ಆದ್ದರಿಂದ ಈ ಸೂಚನೆಗಳು. ಇವೆಲ್ಲಕ್ಕೂ ಆಧಾರ ಒಂದೇ ನಿಯಮ: ಭಾಗ ಬದಲಾಗಿದ್ದರೆ ತಪ್ಪಿಲ್ಲ, ಬದಲಾದದ್ದನ್ನು ಮುಚ್ಚಿಡುವುದು ತಪ್ಪು.

ಪ್ರತಿ ಭಾಗವನ್ನೂ ಈ ನಾಲ್ಕರಲ್ಲಿ ಒಂದಕ್ಕೆ ಸೇರಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಆ ಯಂತ್ರದ ಜೊತೆಯಲ್ಲೇ ಕಾರ್ಖಾನೆಯಿಂದ ಬಂದದ್ದು ‘ಮೂಲ’. ಅದೇ ಮಾದರಿಯ, ಅದೇ ಕಾಲದ ಇನ್ನೊಂದು ಯಂತ್ರದಿಂದ ಬಂದದ್ದು ‘ಸಮಕಾಲೀನ’. ಈಚೆಗೆ ಹೊಸದಾಗಿ ಮಾಡಿದ್ದು ‘ನಕಲು’. ಆ ಮಾದರಿಗೆ ಸಂಬಂಧವೇ ಇಲ್ಲದ್ದು ‘ಬೆರಕೆ’. ಮುಂದೆ ಹೇಳುವುದೆಲ್ಲ ಈ ನಾಲ್ಕನ್ನು ಬೇರೆ ಬೇರೆಯಾಗಿ ಗುರುತಿಸುವುದಕ್ಕಾಗಿ.

1. ಕೊಳ್ಳುವ ಮುನ್ನ

ಮಾಡಬೇಕಾದ್ದು

• ಯಂತ್ರದ ಜಾತಿ ಯಾವುದೆಂದು ಮೊದಲು ತಿಳಿಯಿರಿ. ಥಾಮಸ್ ಎಡಿಸನ್ 1877ರಲ್ಲಿ ಕಂಡುಹಿಡಿದ ಫೋನೋಗ್ರಾಫ್ ಉರುಳೆಯ ಮೇಲೆ ದನಿ ಬರೆಯುತ್ತಿತ್ತು. ಮುಂದೆ ಮೇಣದ ಸಿಲಿಂಡರುಗಳು ಬಂದವು. ಎಮಿಲ್ ಬರ್ಲಿನರ್ 1887ರಲ್ಲಿ ಪೇಟೆಂಟ್ ಪಡೆದ ಗ್ರಾಮಫೋನ್ ಚಪ್ಪಟೆ ತಟ್ಟೆಯ ಯಂತ್ರವಾಯಿತು. ಎರಡೂ ನಮ್ಮ ದೇಶಕ್ಕೆ ಬಂದಿವೆ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ತಟ್ಟೆಗಳಿಗಾಗಿ ಮುದ್ರಿಸಿಕೊಂಡರು. ಅದೇ ಊರಿನಲ್ಲಿ ಹೇಮೇಂದ್ರ ಮೋಹನ ಬೋಸ್ ಸಿಲಿಂಡರುಗಳನ್ನು ತಯಾರಿಸಿ ಮಾರಿದರು. ರವೀಂದ್ರನಾಥ ಠಾಕೂರರ ದನಿಯೂ ಅವುಗಳಲ್ಲಿ ಸೇರಿತ್ತು.

• ಹಗಲು ಬೆಳಕಿನಲ್ಲೇ ನೋಡಿ. ಒಂದು ಟಾರ್ಚು, ಒಂದು ಭೂತಗನ್ನಡಿ, ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ.

• ಮೋಟಾರು ಕೂತ ಹಲಗೆಯನ್ನು ಎತ್ತಿಸಿ ಒಳಗೆ ನೋಡಿ. ಹೊರಗಣ ಮೋಸ ಒಳಗೆ ಬಯಲಾಗುತ್ತದೆ. ಮಾರುವವರು ಎತ್ತಲು ಒಪ್ಪದಿದ್ದರೆ ನಮಸ್ಕಾರ ಹೇಳಿ ಹೊರಡಿ.

• ಅಸಲಿ ಯಂತ್ರಗಳನ್ನು ಸಾಕಷ್ಟು ನೋಡಿ ಕಣ್ಣು ಪಳಗಿದ ಮೇಲೆ ದುಡ್ಡು ಬಿಚ್ಚಿ. ಮ್ಯೂಸಿಯಮ್ಮುಗಳಲ್ಲಿ, ಹಳೆಯ ಸಂಗ್ರಾಹಕರ ಮನೆಗಳಲ್ಲಿ ಕೇಳಿಕೊಂಡು ನೋಡಬಹುದು.

ಮಾಡಬಾರದ್ದು

• ಕಥೆಗೆ ದುಡ್ಡು ಕೊಡಬೇಡಿ. ‘ಅರಮನೆಯಿಂದ ಬಂದದ್ದು’, ‘ದೊರೆಗಳ ಬಂಗಲೆಯದು’ ಎಂಬ ಮಾತಿಗೆ ರಸೀದಿಯೋ ಹಳೆಯ ಫೋಟೋವೋ ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ.

• ಹಾಡುತ್ತದೆ ಎಂಬುದನ್ನೇ ಅಸಲಿತನದ ಸಾಕ್ಷಿಯಾಗಿ ಒಪ್ಪಬೇಡಿ. ಜೋಡಣೆ ಯಂತ್ರಗಳೂ ಹಾಡುತ್ತವೆ.

• ಜೊತೆಗೆ ಕೊಟ್ಟ 78ರ (ನಿಮಿಷಕ್ಕೆ 78 ಸುತ್ತಿನ) ತಟ್ಟೆಯನ್ನು ನೋಡಿ ಯಂತ್ರದ ವಯಸ್ಸು ಎಣಿಸಬೇಡಿ. ಭಾರತದಲ್ಲಿ 78ರ ತಟ್ಟೆಗಳು 1960ರ ದಶಕದಲ್ಲೂ ತಯಾರಾಗುತ್ತಿದ್ದವು. ಬೀಟಲ್ಸ್ ತಂಡದ ಹಾಡುಗಳೂ ಇಲ್ಲಿ 78ರಲ್ಲಿ ಬಂದಿವೆ.

2. ಪೆಟ್ಟಿಗೆ ಮತ್ತು ತಿರುಪು

ಮಾಡಬೇಕಾದ್ದು

• ತೂತುಗಳನ್ನು ಎಣಿಸಿ. ಮೋಟಾರಿನ ಹಲಗೆಯಲ್ಲಿ ಬಳಕೆಯಿಲ್ಲದ ತೂತುಗಳು, ಮರದ ಬೆಣೆ ಬಡಿದು ಮುಚ್ಚಿದ ತೂತುಗಳು ಕಂಡರೆ ಅಲ್ಲಿ ಮೊದಲು ಬೇರೆ ಮೋಟಾರಿತ್ತು. ಹ್ಯಾಂಡಲ್ ಹೋಗುವ ತೂತು ಮೋಟಾರಿನ ಕೀ ದಂಡಕ್ಕೆ ನೇರವಾಗಿ ಒದಗಬೇಕು. ಆ ತೂತನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿದ್ದರೆ ಪೆಟ್ಟಿಗೆಗೂ ಮೋಟಾರಿಗೂ ಹುಟ್ಟಿನ ನಂಟಿಲ್ಲ.

• ತಿರುಪಿನ ತಲೆ ನೋಡಿ. ಹಳೆಯ ಯಂತ್ರಗಳ ತಿರುಪುಗಳಿಗೆ ಒಂದೇ ನೇರ ಸೀಳು. ನಾವು ಸ್ಟಾರ್ ಸ್ಕ್ರೂ ಎನ್ನುವ, ಪ್ಲಸ್ ಗುರುತಿನ ಫಿಲಿಪ್ಸ್ ತಿರುಪು ಬಳಕೆಗೆ ಬಂದದ್ದು 1930ರ ದಶಕದಲ್ಲಿ. 1905ರ ಯಂತ್ರದಲ್ಲಿ ಅದು ಕಂಡರೆ ಈಚಿನವರ ಕೈ ಬಿದ್ದಿದೆ ಎಂದೇ ಅರ್ಥ.

• ಪೆಟ್ಟಿಗೆಯ ಒಳಮೈ ನೋಡಿ. ಪಾಲಿಶ್ ಕಾಣದ ಹಳೆಯ ಮರ ಗಾಳಿಗೆ ಒಂದೇ ಸಮನಾಗಿ ಕಂದಿರುತ್ತದೆ. ಹೊಸ ಮರಕ್ಕೆ ಬಣ್ಣ ಬಳಿದಿದ್ದರೆ ಮೂಲೆಗಳಲ್ಲಿ ಬಣ್ಣ ನಿಂತಿರುತ್ತದೆ, ತೂತಿನ ಅಂಚಿನಲ್ಲಿ ಬಿಳಿ ಮರ ಇಣುಕುತ್ತದೆ.

• ಸವೆತ ಎಲ್ಲಿದೆ ಎಂದು ಕೇಳಿಕೊಳ್ಳಿ. ಹ್ಯಾಂಡಲಿನ ಹಿಡಿ, ಬ್ರೇಕಿನ ತುದಿ, ಮುಚ್ಚಳ ಎತ್ತುವ ಅಂಚು, ಇಲ್ಲೆಲ್ಲ ಕೈ ತಾಗುವುದರಿಂದ ಸವೆತ ಸಹಜ. ಕೈ ತಾಗದ ಕಡೆ ಸವೆದು, ತಾಗುವ ಕಡೆ ಹೊಸದಾಗಿದ್ದರೆ ಆ ಹಳೆತನವನ್ನು ಬೇಕೆಂದೇ ಮಾಡಿದ್ದಾರೆ.

• ಲೇಪದ ಬಣ್ಣ ನೋಡಿ. ನಿಕಲ್ ಲೇಪಕ್ಕೆ ತುಸು ಹಳದಿ ಛಾಯೆ, ಕ್ರೋಮ್ ಲೇಪಕ್ಕೆ ನೀಲಿ ಛಾಯೆ. ಕ್ರೋಮ್ ವ್ಯಾಪಕವಾಗಿ ಬಂದದ್ದು 1920ರ ದಶಕದ ನಡುವಿನಿಂದ ಈಚೆಗೆ. ಅದಕ್ಕಿಂತ ಹಳೆಯ ಯಂತ್ರದಲ್ಲಿ ನೀಲಿ ಹೊಳಪು ಕಂಡರೆ ಮರುಲೇಪವಾಗಿದೆ, ಇಲ್ಲವೇ ಭಾಗವೇ ಬೇರೆ.

ಮಾಡಬಾರದ್ದು

• ನಾಯಿಯ ಚಿತ್ರವನ್ನು ಪ್ರಮಾಣಪತ್ರವೆಂದು ತಿಳಿಯಬೇಡಿ. ಚಿತ್ರಕಾರ ಫ್ರಾನ್ಸಿಸ್ ಬರೋ ತಮ್ಮ ಚಿತ್ರದಲ್ಲಿ ನಿಪ್ಪರ್ ಎಂಬ ಆ ನಾಯಿಯ ಮುಂದೆ ಮೊದಲು ಬಿಡಿಸಿದ್ದು ಸಿಲಿಂಡರ್ ಯಂತ್ರ. 1899ರಲ್ಲಿ ಅದರ ಮೇಲೆ ಗ್ರಾಮಫೋನ್ ಬಿಡಿಸಿದ ಬಳಿಕ ಲಂಡನ್ನಿನ ಗ್ರಾಮಫೋನ್ ಕಂಪನಿ (ಮುಂದೆ ಎಚ್‌ಎಂವಿ ಎಂದೇ ಹೆಸರಾದದ್ದು) ಆ ಚಿತ್ರವನ್ನು ಕೊಂಡಿತು. ಆದರೂ ಆ ಕಂಪನಿಯ ತಟ್ಟೆಗಳ ಲೇಬಲ್ಲಿಗೆ ನಾಯಿ ಬಂದದ್ದು 1909ರ ಹೊತ್ತಿಗೆ. ಅದಕ್ಕೆ ಮೊದಲು ಅಲ್ಲಿದ್ದುದು ಗರಿ ಹಿಡಿದು ಬರೆಯುವ ದೇವದೂತನ ಗುರುತು. ‘ಇದು 1902ರ ಎಚ್‌ಎಂವಿ’ ಎಂದು ಹೊಳೆಯುವ ಹಿತ್ತಾಳೆ ನಾಯಿಫಲಕ ತೋರಿಸಿದರೆ ಆ ಫಲಕವೇ ಅವರ ಮಾತನ್ನು ಸುಳ್ಳು ಮಾಡುತ್ತದೆ.

• ಸಂಖ್ಯಾಫಲಕವೊಂದನ್ನೇ ನಂಬಬೇಡಿ. ಎಡಿಸನ್, ವಿಕ್ಟರ್ ಯಂತ್ರಗಳ ಫಲಕಗಳ ನಕಲೂ ಸಿಗುತ್ತದೆ. ಫಲಕದ ಮೊಳೆಗಳು ಹಳೆಯವೇ, ಸುತ್ತಲಿನ ಕೊಳೆ ಅದರ ಅಂಚಿಗೆ ಸರಿಯಾಗಿ ಕೂತಿದೆಯೇ, ಫಲಕದಲ್ಲಿರುವ ಮಾದರಿ ಮತ್ತು ಎದುರಿಗಿರುವ ಯಂತ್ರ ಒಂದೇ ಏನು, ಮೂರನ್ನೂ ನೋಡಿ.

3. ಹಾರ್ನು

ಮೋಸ ಹೆಚ್ಚು ನಡೆಯುವುದು ಇಲ್ಲೇ, ಏಕೆಂದರೆ ಕಣ್ಣಿಗೆ ಮೊದಲು ಬೀಳುವುದು ಹಾರ್ನು.

ಮಾಡಬೇಕಾದ್ದು

• ಅಯಸ್ಕಾಂತ ಹಚ್ಚಿ. ಹೂವಿನಂತೆ ಎಸಳೆಸಳಾಗಿ ಅರಳಿದ ಹಾರ್ನುಗಳು ಆ ಕಾಲದಲ್ಲಿ ಹೆಚ್ಚಾಗಿ ಉಕ್ಕಿನ ತಗಡಿನವು, ಮೇಲೆ ಎನಾಮಲ್ ಬಣ್ಣ. ಅಸಲಿ ಹಾರ್ನಿನ ಎಸಳುಗಳ ಬೆಸುಗೆ ಒಂದೇ ಅಗಲದಲ್ಲಿ ಮಡಿಸಿ ಒತ್ತಿದಂತಿರುತ್ತದೆ. ನಕಲು ಹಾರ್ನುಗಳು ತೆಳು ಹಿತ್ತಾಳೆಯವು, ಬೆಸುಗೆ ಅಂಕುಡೊಂಕು, ಬಾಯಿಯ ಅಂಚು ಕೈಗೆ ಹರಿತ.

• ಹಾರ್ನಿನ ಬುಡ ಮತ್ತು ಮೊಣಕೈ (ಹಾರ್ನನ್ನು ಹೊತ್ತ ಬಾಗಿದ ಕೊಳವೆ) ಕೂಡುವ ಜಾಗವನ್ನು ನೋಡಿ. ಅಸಲಿ ಭಾಗಗಳು ಸಲೀಸಾಗಿ ಕೂರುತ್ತವೆ. ಬಟ್ಟೆ, ಟೇಪು ಸುತ್ತಿ ಬಿಗಿ ಮಾಡಿದ್ದರೆ ಎರಡೂ ಬೇರೆ ಬೇರೆ ಮನೆಯವು.

• ಎಡಿಸನ್ ಯಂತ್ರಗಳ ವಿಷಯದಲ್ಲಿ ತಾಳ್ಮೆಯಿರಲಿ. ಸ್ಟ್ಯಾಂಡರ್ಡ್ ಮಾದರಿಯ ಜೊತೆ ಮೊದಲು ಬರುತ್ತಿದ್ದುದು 14 ಇಂಚಿನ ಸಣ್ಣ ಹಾರ್ನು. ದೊಡ್ಡದು ಬೇಕೆಂದವರು ಹಾಥಾರ್ನ್ ಅಂಡ್ ಶೆಬಲ್, ಟೀ ಟ್ರೇ ಕಂಪನಿ ಮೊದಲಾದವರಿಂದ ಬೇರೆ ಕೊಳ್ಳುತ್ತಿದ್ದರು. ಎಡಿಸನ್ ಕಂಪನಿಯೇ ಹೂವಿನ ಹಾರ್ನನ್ನು ಯಂತ್ರದೊಂದಿಗೆ ಕೊಡತೊಡಗಿದ್ದು 1907ರ ಸುಮಾರಿಗೆ. ಆದ್ದರಿಂದ ಹೊರಗಿನ ಕಂಪನಿಯ ಹಳೆಯ ಹಾರ್ನು ಇದ್ದರೆ ಅದು ‘ಸಮಕಾಲೀನ’. ಅದಕ್ಕೆ ಗೌರವ ಕೊಡಿ.

ಮಾಡಬಾರದ್ದು

• ಹಿತ್ತಾಳೆ ಕಂಡ ಕೂಡಲೇ ನಕಲೆನ್ನಬೇಡಿ. ಆರಂಭದ ಯಂತ್ರಗಳಲ್ಲಿ ಪೂರ್ತಿ ಹಿತ್ತಾಳೆಯ ಹಾರ್ನು, ಕರಿ ಮೈಗೆ ಹಿತ್ತಾಳೆ ಬಾಯಿಯ ಹಾರ್ನು ಎರಡೂ ಇದ್ದವು. ಲೋಹ ಯಾವುದೆಂಬುದಕ್ಕಿಂತ ಕೆಲಸದ ಕೈ ಹೇಗಿದೆ ಎಂಬುದು ಮುಖ್ಯ.

• ಹಳೆಯ ಬಣ್ಣ ಕೆರೆದು ಹೊಸ ಬಣ್ಣ ಹೊಡೆಸಬೇಡಿ. ಮಾಸಿದ ಮೂಲ ಬಣ್ಣದ ಹಾರ್ನಿಗೆ ಸಂಗ್ರಾಹಕರಲ್ಲಿ ಇರುವ ಬೆಲೆ ಹೊಸ ಬಣ್ಣದ ಹಾರ್ನಿಗೆ ಬರುವುದಿಲ್ಲ. ಹೋದ ಮೂಲ ಬಣ್ಣವನ್ನು ಯಾರೂ ಮರಳಿ ತರಲಾರರು.

4. ಟೋನ್‌ಆರ್ಮ್ ಮತ್ತು ಸೌಂಡ್‌ಬಾಕ್ಸ್

ಯಂತ್ರದ ದನಿ ಹುಟ್ಟುವುದು ಸೌಂಡ್‌ಬಾಕ್ಸಿನಲ್ಲಿ. ಮುಳ್ಳು ಗೆರೆಯಲ್ಲಿ ಅತ್ತಿತ್ತ ಅಲುಗಿದಂತೆ ಒಳಗಿನ ತೆಳು ಪರೆ ಕಂಪಿಸುತ್ತದೆ. ಮೊದಲಿನ ದಶಕಗಳಲ್ಲಿ ಈ ಪರೆ ಅಭ್ರಕದ್ದು. 1925ರಲ್ಲಿ ವಿದ್ಯುತ್ ಮುದ್ರಣ ಬಂದ ಮೇಲೆ ಅಲ್ಯುಮಿನಿಯಂ ಪರೆ ಹೆಚ್ಚಾಯಿತು.

ಮಾಡಬೇಕಾದ್ದು

• ಮಾದರಿಗೆ ತಕ್ಕ ಸೌಂಡ್‌ಬಾಕ್ಸೇ ಇದೆಯೇ ನೋಡಿ. ಎಚ್‌ಎಂವಿ 101 ಪೋರ್ಟಬಲ್ಲಿಗೆ ನಂ. 4, ಅಭ್ರಕದ್ದು. 1931ರಿಂದ ಬಂದ 102ಕ್ಕೆ ಮೊದಲು ನಂ. 16, ನಂತರ 5ಎ, 5ಬಿ. ಈ ಮೂರರಲ್ಲಿ ಯಾವುದಿದ್ದರೂ ‘ಇದು ಅದರದಲ್ಲ’ ಎಂದು ತಳ್ಳಬೇಡಿ. ಯಂತ್ರ ಯಾವ ಕಾಲದ್ದು ಎಂದು ಹೊಂದಿಸಿ ನೋಡಿ.

• ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ. ವಿಕ್ಟರ್ ಕಂಪನಿಯ ‘ಎಕ್ಸಿಬಿಷನ್’ ಸೌಂಡ್‌ಬಾಕ್ಸಿನ ನಕಲುಗಳು ಬೇಕಾದಷ್ಟಿವೆ. ಅಸಲಿಯ ಅಕ್ಷರದ ಅಂಚು ಚೂಪು. ಅಚ್ಚಿಗೆ ಎರೆದ ನಕಲಿನಲ್ಲಿ ಅಂಚು ಮೊಂಡು, ಮೈಯಲ್ಲಿ ಸಣ್ಣ ಗುಳಿಗಳು.

• ಗಟ್ಟಿಯಾದ ರಬ್ಬರ್ ಗ್ಯಾಸ್ಕೆಟ್ ಬದಲಿಸಿ. ಅಭ್ರಕದ ಸುತ್ತಲಿನ ರಬ್ಬರ್ ಕೊಳವೆ ಕಾಲಕ್ರಮದಲ್ಲಿ ಕಲ್ಲಾಗುತ್ತದೆ. ಹಾಡಿನಲ್ಲಿ ಗರಗರ ಕೇಳುತ್ತದೆ. ಹೊಸ ರಬ್ಬರ್ ಹಾಕಿದರೆ ಅಸಲಿತನಕ್ಕೆ ಕುಂದಿಲ್ಲ. ಅದು ಸವೆದು ಹೋಗಲೆಂದೇ ಇಟ್ಟ ಭಾಗ.

• ಟೋನ್‌ಆರ್ಮಿನ ಆಕಾರ ನೋಡಿ. ಸೌಂಡ್‌ಬಾಕ್ಸಿನ ದನಿಯನ್ನು ಹಾರ್ನಿಗೆ ಒಯ್ಯುವ ಕೊಳವೆ ಇದು. ಅತಿ ಮೊದಲಿನ ತಟ್ಟೆ ಯಂತ್ರಗಳಲ್ಲಿ ಹಾರ್ನು ನೇರ ಸೌಂಡ್‌ಬಾಕ್ಸಿಗೇ ಸೇರಿಕೊಂಡು ಅದರೊಂದಿಗೆ ಚಲಿಸುತ್ತಿತ್ತು. ಕ್ರಮೇಣ ಅಗಲವಾಗುತ್ತ ಹೋಗುವ ಟೋನ್‌ಆರ್ಮ್ ಬಂದದ್ದು ಎಲ್ಡ್ರಿಜ್ ಜಾನ್ಸನ್‌ರ ವಿಕ್ಟರ್ ಕಂಪನಿಯಿಂದ, 1903ರ ಸುಮಾರಿಗೆ. ಜೋಡಣೆ ಯಂತ್ರಗಳ ಟೋನ್‌ಆರ್ಮೂ ಅದನ್ನು ಹೊತ್ತ ಹಿಂದಿನ ಬ್ರಾಕೆಟ್ಟೂ ದಪ್ಪ, ಒರಟು, ಯಂತ್ರದ ಗಾತ್ರಕ್ಕೆ ಹೊಂದದಂಥವು.

ಮಾಡಬಾರದ್ದು

• ಬಿಗಿದುಕೊಂಡ ಸೌಂಡ್‌ಬಾಕ್ಸನ್ನು ಬಲವಂತವಾಗಿ ತಿರುಚಬೇಡಿ. ಎರಕದ ಸತು ಮಿಶ್ರಲೋಹದಲ್ಲಿ ಕಲಬೆರಕೆಯಿದ್ದರೆ ಅದು ವರ್ಷಗಳು ಕಳೆದಂತೆ ಉಬ್ಬಿ ಬಿರುಕು ಬಿಡುತ್ತದೆ. ಒಂದು ತಿರುಚಿಗೆ ಕೈಯಲ್ಲಿ ಚೂರಾಗುತ್ತದೆ. ಆ ರೋಗಕ್ಕೆ ಮದ್ದಿಲ್ಲ, ಎಚ್ಚರವೊಂದೇ ಉಪಾಯ.

• ಬಿರುಕು ಬಿಟ್ಟ ಅಭ್ರಕವನ್ನು ಪ್ಲಾಸ್ಟಿಕ್ ಹಾಳೆಯಿಂದ ಬದಲಿಸಿ ‘ಸರಿಮಾಡಿದ್ದೇನೆ’ ಎನ್ನಬೇಡಿ. ಅಭ್ರಕಕ್ಕೆ ಅಭ್ರಕವೇ ಬೇಕು.

5. ಮೋಟಾರು

ಮಾಡಬೇಕಾದ್ದು

• ಪೆಟ್ಟಿಗೆಯ ಗಾತ್ರಕ್ಕೆ ಮೋಟಾರು ತಕ್ಕದ್ದೇ ನೋಡಿ. ದೊಡ್ಡ ಪೆಟ್ಟಿಗೆಯ ನಡುವೆ ಪೋರ್ಟಬಲ್ಲಿನ ಪುಟ್ಟ ಮೋಟಾರು ನೇತಾಡುತ್ತಿದ್ದರೆ ಅಲ್ಲಿಗೆ ತೀರ್ಪಾಯಿತು.

• ಕೀ ಕೊಟ್ಟು, ಖಾಲಿ ತಿರುಗುತಟ್ಟೆಯನ್ನು ತಿರುಗಲು ಬಿಟ್ಟು, ಗವರ್ನರಿನ ಗುಂಡುಗಳು ಸಮವಾಗಿ ಅರಳುತ್ತವೆಯೇ ಗಮನಿಸಿ. ವೇಗ ಹಿಡಿತದಲ್ಲಿಡುವುದು ಇವೇ. ನಡುನಡುವೆ ‘ಧಡ್’ ಎಂಬ ಸದ್ದು ಬಂದರೆ ಸ್ಪ್ರಿಂಗ್ ಡಬ್ಬಿಯೊಳಗಿನ ಗ್ರೀಸು ಒಣಗಿ ಸ್ಪ್ರಿಂಗಿನ ಸುತ್ತುಗಳು ಅಂಟುತ್ತಿವೆ. ಅದಕ್ಕೆ ಶುಚಿ ಸಾಕು, ಮೋಟಾರು ಬದಲಿಸಬೇಕಿಲ್ಲ.

ಮಾಡಬಾರದ್ದು

• ಸ್ಪ್ರಿಂಗ್ ಡಬ್ಬಿಯನ್ನು ಅನುಭವವಿಲ್ಲದೆ ಬಿಚ್ಚಬೇಡಿ. ಒಳಗೆ ಅದುಮಿ ಕೂತ ಉಕ್ಕಿನ ಪಟ್ಟಿ ಚಿಮ್ಮಿದರೆ ಕೈ, ಮುಖ ಸೀಳುತ್ತದೆ.

• ಸ್ಪ್ರಿಂಗ್ ಪೂರ್ತಿ ಸಡಿಲವಾಗುವ ಮುನ್ನ ಗವರ್ನರನ್ನು ತೆಗೆಯಲೇಬೇಡಿ. ತಡೆಯಿಲ್ಲದ ಚಕ್ರಗಳು ಹುಚ್ಚೆದ್ದು ತಿರುಗಿ ಹಲ್ಲು ಮುರಿದುಕೊಳ್ಳುತ್ತವೆ. ಬೆರಳು ಸಿಕ್ಕಿದರೆ ಬೆರಳೂ ಹೋಗುತ್ತದೆ.

• ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಬಿಡಬೇಡಿ. ಅವು ಜಿಗುಟಾಗಿ ಕಟ್ಟಿಕೊಳ್ಳುತ್ತವೆ. ಬೇರಿಂಗಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆ, ಚಕ್ರಗಳಿಗೆ ಗ್ರೀಸು, ಇಷ್ಟೇ.

6. ಎಡಿಸನ್ ಸಿಲಿಂಡರ್ ಯಂತ್ರಗಳು

ಮಾಡಬೇಕಾದ್ದು

• ಎರಡು ನಿಮಿಷದ ಮತ್ತು ನಾಲ್ಕು ನಿಮಿಷದ ಸಿಲಿಂಡರುಗಳ ಭೇದ ತಿಳಿಯಿರಿ. ಮೊದಲಿನವಕ್ಕೆ ಇಂಚಿಗೆ 100 ಗೆರೆ. 1908ರಲ್ಲಿ ಬಂದ ನಾಲ್ಕು ನಿಮಿಷದ ಆಂಬರಾಲ್‌ಗಳಿಗೆ 200. ತಿರುಗುವ ವೇಗ ನಿಮಿಷಕ್ಕೆ 160 ಸುತ್ತು.

• ಸಿಲಿಂಡರ್ ಯಂತ್ರದಲ್ಲಿ ಸೌಂಡ್‌ಬಾಕ್ಸಿನ ಜಾಗದಲ್ಲಿರುವ ರೀಪ್ರೊಡ್ಯೂಸರಿನ ಅಕ್ಷರ ಓದಿ. ಮಾಡೆಲ್ ಸಿ ಎರಡು ನಿಮಿಷಕ್ಕೆ, ಎಚ್ ನಾಲ್ಕು ನಿಮಿಷಕ್ಕೆ. ಮಾಡೆಲ್ ಕೆ ಎರಡಕ್ಕೂ. ಅದರಲ್ಲಿ ಎರಡು ಮುಳ್ಳುಗಳಿದ್ದು ತಿರುಗಿಸಿ ಬಳಸಬೇಕು.

• ಹಳೆಯ ಯಂತ್ರದಲ್ಲಿ ನಾಲ್ಕು ನಿಮಿಷದ ಗೇರು ಕಂಡರೆ ಅವಸರದ ತೀರ್ಪು ಬೇಡ. 1908ರ ನಂತರ ಹಳೆಯ ಯಂತ್ರಗಳಿಗೆ ಜೋಡಿಸುವ ಗೇರನ್ನು ಎಡಿಸನ್ ಕಂಪನಿಯೇ ಮಾರಿತು. ಅಂದಿನ ಒಡೆಯರು ಹಾಕಿಸಿಕೊಂಡ ಗೇರು ಆ ಯಂತ್ರದ ಚರಿತ್ರೆಯ ಭಾಗ. ‘ಮೊದಲ ಸ್ಥಿತಿಗೆ ತರುತ್ತೇನೆ’ ಎಂದು ಅದನ್ನು ಕಿತ್ತೊಗೆಯಬೇಡಿ.

• ಮೇಣದ ಸಿಲಿಂಡರಿನ ಒಳಗೆ ಎರಡು ಬೆರಳು ತೂರಿಸಿ, ಅಗಲಿಸಿ ಹಿಡಿಯಿರಿ. ಹೊರಮೈಗೆ ಬೆರಳು ತಾಗಿದರೆ ಬೆವರು ನಿಲ್ಲುತ್ತದೆ, ಅಲ್ಲಿ ಬೂಷ್ಟು ಹಿಡಿಯುತ್ತದೆ.

ಮಾಡಬಾರದ್ದು

• ಎರಡು ನಿಮಿಷದ ಸಿಲಿಂಡರಿನ ಮೇಲೆ ನಾಲ್ಕು ನಿಮಿಷದ ಮುಳ್ಳು ಇಡಬೇಡಿ. ಮೇಣದ ಮೇಲೆ ವಜ್ರದ ಮುಳ್ಳನ್ನು ಎಂದೂ ಇಡಬೇಡಿ. ವಜ್ರ 1912ರಿಂದ ಬಂದ ಸೆಲ್ಯುಲಾಯ್ಡ್ ಮೈಯ ಬ್ಲೂ ಆಂಬರಾಲ್‌ಗಳಿಗೆ. ಮೇಣವನ್ನು ಅದು ಉಳುತ್ತದೆ.

• ಎಡಿಸನ್ ಡೈಮಂಡ್ ಡಿಸ್ಕ್ ಯಂತ್ರದಲ್ಲಿ ಸಾಮಾನ್ಯ 78ರ ತಟ್ಟೆ ಹಾಕಬೇಡಿ. ಸಾಮಾನ್ಯ ಗ್ರಾಮಫೋನಿನಲ್ಲಿ ಡೈಮಂಡ್ ಡಿಸ್ಕ್ ಹಾಕಬೇಡಿ. ಸಾಮಾನ್ಯ ತಟ್ಟೆಯ ಗೆರೆ ಅಕ್ಕಪಕ್ಕ ಅಲೆಯುತ್ತದೆ, ಡೈಮಂಡ್ ಡಿಸ್ಕಿನದು ಮೇಲೆಕೆಳಗೆ. ಕೂಡಿಸಿದರೆ ಹಾಡು ಬರುವುದಿಲ್ಲ, ತಟ್ಟೆ ಮಾತ್ರ ಹಾಳಾಗುತ್ತದೆ.

7. ಶುಚಿ ಮಾಡುವಾಗ

ಮಾಡಬೇಕಾದ್ದು

• ಮೃದು ಬ್ರಷ್ಷಿನಿಂದ ಧೂಳು ತೆಗೆದು, ಒಣ ಹತ್ತಿಬಟ್ಟೆಯಿಂದ ಒರೆಸಿ. ಮುಂದಿನ ಹೆಜ್ಜೆ ಏನೇ ಇರಲಿ, ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ.

ಮಾಡಬಾರದ್ದು

• ಸ್ಪಿರಿಟ್ ಮುಟ್ಟಿಸಬೇಡಿ. ಪೆಟ್ಟಿಗೆಯ ಫ್ರೆಂಚ್ ಪಾಲಿಶ್ಶೂ 78ರ ತಟ್ಟೆಯೂ ಅರಗಿನಿಂದ ಆದವು. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ. ಎಡಿಸನ್ ಹೆಸರಿನ ಹೊನ್ನ ಬಣ್ಣದ ಅಚ್ಚುಚಿತ್ರವೂ ಅದರೊಂದಿಗೆ ಎದ್ದು ಬರುತ್ತದೆ.

• ನಿಕಲ್ ಲೇಪಕ್ಕೆ ಹಿತ್ತಾಳೆ ಉಜ್ಜುವ ಪಾಲಿಶ್ ಹಾಕಿ ತಿಕ್ಕಬೇಡಿ. ತೆಳು ಲೇಪ ಸವೆದು ಒಳಗಿನ ಲೋಹ ಬಯಲಾಗುತ್ತದೆ.

• ಉಪ್ಪುಕಾಗದದಿಂದ ಮರ ಉಜ್ಜಬೇಡಿ, ಪಿ.ಯು. ಪಾಲಿಶ್ ಹೊಡೆಸಬೇಡಿ. ಬಡಗಿ ಎಷ್ಟೇ ಒಳ್ಳೆಯವರಾಗಿದ್ದರೂ ‘ಹೊಸದರಂತೆ ಮಾಡಿಕೊಡಿ’ ಎಂಬ ಮಾತನ್ನು ಅವರಿಗೆ ಹೇಳಬೇಡಿ.

8. ನುಡಿಸುವಾಗ, ಇಡುವಾಗ, ಸಾಗಿಸುವಾಗ

ಮಾಡಬೇಕಾದ್ದು

• ಉಕ್ಕಿನ ಮುಳ್ಳನ್ನು ತಟ್ಟೆಯ ಒಂದು ಬದಿಗೆ ಒಂದರಂತೆ ಬಳಸಿ, ಎಸೆಯಿರಿ. ತಟ್ಟೆಯಲ್ಲಿ ಬೆರೆತ ಗಟ್ಟಿ ಪುಡಿ ಮುಳ್ಳಿನ ತುದಿಯನ್ನು ತೇಯುತ್ತದೆ; ತೇದ ತುದಿ ಮುಂದಿನ ತಟ್ಟೆಯ ಗೆರೆಯನ್ನು ಕೆತ್ತುತ್ತದೆ.

• ಅಪರೂಪದ ತಟ್ಟೆಗಳನ್ನು ಯಂತ್ರದಲ್ಲಿ ನುಡಿಸದೆ, ಹಗುರ ಪಿಕಪ್ಪಿನಲ್ಲಿ ಡಿಜಿಟಲ್ ಪ್ರತಿ ಮಾಡಿಸಿ. 1930ರ ದಶಕದಲ್ಲಿ ಎಚ್‌ಎಂವಿಗಾಗಿ ಹಾಡಿದ ಮಲ್ಲಿಕಾರ್ಜುನ ಮನಸೂರರ ತಟ್ಟೆಗಳು, ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳು, ಅಮೀರಬಾಯಿ ಕರ್ನಾಟಕಿಯವರ ತಟ್ಟೆಗಳು ನಿಮ್ಮಲ್ಲಿದ್ದರೆ ನೀವು ಅವುಗಳ ಕಾವಲುಗಾರರು.

• ಬಳಸದಿದ್ದಾಗ ಸ್ಪ್ರಿಂಗ್ ಸಡಿಲವಾಗಿರಲಿ. ಸಾಗಿಸುವಾಗ ಹಾರ್ನು, ಸೌಂಡ್‌ಬಾಕ್ಸ್, ತಿರುಗುತಟ್ಟೆ ಬಿಚ್ಚಿ ಬೇರೆ ಬೇರೆ ಸುತ್ತಿ.

ಮಾಡಬಾರದ್ದು

• ಎಲ್‌ಪಿ, 45ರ ತಟ್ಟೆಗಳನ್ನು ಗ್ರಾಮಫೋನಿನ ಮೇಲೆ ಹಾಕಬೇಡಿ. ಸೌಂಡ್‌ಬಾಕ್ಸಿನ ಭಾರ ನೂರು ಗ್ರಾಂಗೂ ಹೆಚ್ಚು. ವಿನೈಲ್ ತಟ್ಟೆ ಒಂದೇ ಸಲಕ್ಕೆ ಹಾಳು.

• ಬಿಸಿಲಿಗೆ, ಹೊರಗೋಡೆಯ ತೇವಕ್ಕೆ ತಾಗಿಸಿ ಇಡಬೇಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತಿರುಗುತಟ್ಟೆಯ ಬಟ್ಟೆಗೂ ಮೇಣಕ್ಕೂ ಬೂಷ್ಟು ಬೇಗ ಬರುತ್ತದೆ.

• ನೂರು ವರ್ಷ ದಾಟಿದ ಯಂತ್ರವನ್ನು ಹೊರದೇಶಕ್ಕೆ ಕಳಿಸಬೇಡಿ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪುರಾವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಿ, ಪುರಾವಸ್ತುವಲ್ಲ ಎಂಬ ಪತ್ರ ಪಡೆದೇ ಮುಂದುವರಿಯಿರಿ.

9. ದಾಖಲೆ ಮತ್ತು ಮಾರಾಟ

ಮಾಡಬೇಕಾದ್ದು

• ಪ್ರತಿ ಯಂತ್ರಕ್ಕೂ ಒಂದು ಹಾಳೆ ಇರಲಿ: ಮಾದರಿ, ಸಂಖ್ಯೆ, ಎಲ್ಲಿಂದ ಬಂತು, ಯಾವ ಭಾಗ ಮೂಲ, ಯಾವುದು ಸಮಕಾಲೀನ, ಯಾವುದು ನಕಲು, ಯಾವುದು ಬೆರಕೆ. ಬದಲಿಸಿದ ದಿನಾಂಕವನ್ನೂ ಬರೆಯಿರಿ.

• ತೆಗೆದ ಮೂಲ ಭಾಗ ಮುರಿದಿದ್ದರೂ ಚೀಲದಲ್ಲಿ ಹಾಕಿ, ಚೀಟಿ ಕಟ್ಟಿ, ಯಂತ್ರದೊಂದಿಗೇ ಇಡಿ. ನಾಳೆ ಅದನ್ನು ಸರಿಪಡಿಸುವವರು ಬರಬಹುದು.

• ಮಾರುವಾಗ ಆ ಹಾಳೆಯನ್ನು ಕೊಳ್ಳುವವರ ಕೈಗೆ ಮೊದಲು ಕೊಡಿ, ಆಮೇಲೆ ಬೆಲೆ ಮಾತಾಡಿ.

ಮಾಡಬಾರದ್ದು

• ಪೂರ್ತಿಯಿರುವ ಒಂದು ಯಂತ್ರವನ್ನು ಇನ್ನೊಂದರ ಭಾಗಕ್ಕಾಗಿ ಬಿಚ್ಚಬೇಡಿ. ಎಚ್‌ಎಂವಿ 102ರಂಥ ಪೋರ್ಟಬಲ್ಲುಗಳು ಇನ್ನೂ ಸಿಗುತ್ತವೆ ಎಂಬುದು ಅವನ್ನು ಒಡೆಯಲು ಕಾರಣವಲ್ಲ.

• ನಕಲು ಭಾಗಕ್ಕೆ ಹಳೆಯ ಕೊಳೆ ಬಳಿಯಬೇಡಿ. ನಕಲನ್ನು ನಕಲೆಂದು ಹೇಳಿ ಮಾರಿದರೆ ವ್ಯಾಪಾರ. ಮೂಲವೆಂದು ಮಾರಿದರೆ ವಂಚನೆ.

• ಜೋಡಣೆ ಯಂತ್ರ ಕೊಂಡು ಮೋಸಹೋಗಿದ್ದರೆ ಅದನ್ನು ಅಸಲಿಯೆಂದು ಮತ್ತೊಬ್ಬರಿಗೆ ದಾಟಿಸಬೇಡಿ. ಆ ಸರಪಳಿ ನಿಮ್ಮಲ್ಲೇ ಕಡಿಯಲಿ. ಒಳಗಿನ ಹಳೆಯ ಮೋಟಾರು ಸುಸ್ಥಿತಿಯಲ್ಲಿದ್ದರೆ, ಮೋಟಾರಿಲ್ಲದೆ ಕೂತ ಅಸಲಿ ಪೋರ್ಟಬಲ್ ಹುಡುಕಿ ಅದಕ್ಕೆ ಕೊಡಿ.

ಈ ಯಂತ್ರಗಳು ನಮಗಿಂತ ಮೊದಲು ಇದ್ದವು, ಸರಿಯಾಗಿ ನೋಡಿಕೊಂಡರೆ ನಮ್ಮ ನಂತರವೂ ಇರುತ್ತವೆ. ಮೂಲ ಭಾಗ ಉಳಿಸಿ, ಬದಲಿಸಿದ್ದನ್ನು ಬರೆದಿಡಿ, ಕೇಳಿದವರಿಗೆ ನಿಜ ಹೇಳಿ. ಸಂಗ್ರಾಹಕರಾಗಿ ನಮ್ಮ ಮೇಲಿರುವ ಹೊಣೆ ಇಷ್ಟು. ಇದನ್ನು ತಪ್ಪದೆ ಪಾಲಿಸಿ, ಹೊಸದಾಗಿ ಈ ದಾರಿಗೆ ಬರುವವರಿಗೂ ತಿಳಿಸಿ.